ವಾರದ ಕಂತಿನ ಸಾಲದಿಂದ ಹೆಂಗಸರ ಬಿಸಿನೆಸ್ ನಿಜವಾಗ್ಲೂ ಬೆಳೆಯುತ್ತಾ? ಮೈಕ್ರೋಫೈನಾನ್ಸ್ ಒಳಗಿನ ಲೆಕ್ಕ

ಮೈಕ್ರೋಫೈನಾನ್ಸ್ ಅನ್ನೋ ಪದ ಎರಡೇ ಥರದ ಸುದ್ದಿಯಲ್ಲಿ ನಮ್ಮ ಕಣ್ಣಿಗೆ ಬೀಳುತ್ತೆ. ಒಂದರಲ್ಲಿ ಹೊಲಿಗೆ ಮಷಿನ್ ಮುಂದೆ ಕೂತು ನಗ್ತಿರೋ ಹೆಂಗಸಿನ ಫೋಟೋ, ಕೆಳಗೆ ಸಣ್ಣ ಸಾಲದಿಂದ ಬದುಕೇ ಬದಲಾಯ್ತು ಅನ್ನೋ ಮಾತು. ಇನ್ನೊಂದರಲ್ಲಿ ವಸೂಲಿಗೆ ಬಂದವರ ಕಾಟ ತಡೀಲಾರದೆ ಮನೆಗೆ ಬೀಗ ಜಡಿದು ಊರು ಬಿಟ್ಟ ಕುಟುಂಬ. ಎರಡೂ ನಿಜವೇ. ಒಂದೇ ಥರದ ಸಾಲ ಎರಡು ಕಡೆ ಇಷ್ಟು ಬೇರೆ ಯಾಕಾಗುತ್ತೆ ಅಂತ ಗೊತ್ತಾಗ್ಬೇಕಂದ್ರೆ ಸಾಲದ ಮೊತ್ತ ಒಂದನ್ನೇ ನೋಡಿದ್ರೆ ಸಾಲದು, ಅದನ್ನ ಹೆಂಗೆ ಕೊಡ್ತಾರೆ, ಯಾವತ್ತಿಂದ ವಾಪಸ್ ಕೇಳೋಕೆ ಶುರು ಮಾಡ್ತಾರೆ, ಮನೆ ಒಳಗೆ ಹೋದ್ಮೇಲೆ ಆ ದುಡ್ಡು ಯಾರ ಕೈ ಸೇರುತ್ತೆ, ಇದನ್ನೆಲ್ಲ ನೋಡ್ಬೇಕು.

ಮೊದ್ಲು ಎರಡು ಪದ ಕ್ಲಿಯರ್ ಮಾಡ್ಕೊಳ್ಳೋಣ. ಅಡಮಾನ ಕೇಳದೆ, ಸಂಬಳದ ಸ್ಲಿಪ್ ಕೇಳದೆ ಕೊಡೋ ಸಣ್ಣ ಸಾಲಕ್ಕೆ ಮೈಕ್ರೋಕ್ರೆಡಿಟ್ ಅಂತಾರೆ. ಅದರ ಜೊತೆ ಉಳಿತಾಯ, ಇನ್ಶೂರೆನ್ಸ್, ದುಡ್ಡು ಕಳಿಸೋ ವ್ಯವಸ್ಥೆ ಎಲ್ಲ ಸೇರಿದ್ರೆ ಅದು ಮೈಕ್ರೋಫೈನಾನ್ಸ್. ಮಾತಾಡುವಾಗ ಎಲ್ರೂ ಬರೀ ಸಾಲಕ್ಕೇ ಮೈಕ್ರೋಫೈನಾನ್ಸ್ ಅಂದ್ಬಿಡ್ತಾರೆ, ನಾನೂ ಇಲ್ಲಿ ಹಂಗೇ ಬರೀತೀನಿ. ಇನ್ನು ಮಹಿಳಾ ಉದ್ಯಮಿ ಅಂದ ತಕ್ಷಣ ಆಫೀಸು, ಕೆಲಸಗಾರರು ಅಂತ ಕಣ್ಮುಂದೆ ಬರುತ್ತಲ್ಲ, ಈ ಲೇಖನದ ಮಟ್ಟಿಗೆ ಅದನ್ನ ಪಕ್ಕಕ್ಕಿಡಿ. ಬಡ ದೇಶಗಳಲ್ಲಿ ಈ ಪದದ ಕೆಳಗೆ ಬರೋ ಬಹುಪಾಲು ಹೆಂಗಸರು ಒಬ್ರೇ ದುಡಿಯೋರು: ಹೊಲಿಗೆ, ಕೋಳಿ ಸಾಕಣೆ, ಬುಟ್ಟಿ ಹೆಣೆಯೋದು, ತಲೆ ಮೇಲೆ ಹೊತ್ತು ಮಾರೋದು. ಸಂಬಳ ಕೊಡೋ ಕೆಲಸದವರು ಒಬ್ರೂ ಇರಲ್ಲ.

ಬ್ಯಾಂಕ್‌ನೋರು ಯಾಕೆ ಕೊಡಲ್ಲ

ಬ್ಯಾಂಕ್ ಮ್ಯಾನೇಜರ್ ಕುರ್ಚಿಯಲ್ಲಿ ಕೂತು ನೋಡಿ. ಎದುರಿಗೆ ಬಂದಿರೋ ಹೆಂಗಸು ಯಾರು, ಕೊಟ್ರೆ ವಾಪಸ್ ಕೊಡ್ತಾಳಾ, ಗೊತ್ತಿಲ್ಲ. ಜಮೀನು, ಮನೆ ಪತ್ರ ಇದ್ರೆ ಈ ಪ್ರಶ್ನೆಯೇ ಬರಲ್ಲ, ಕಟ್ಟದಿದ್ರೆ ಅದನ್ನ ಹಿಡ್ಕೊಂಡ್ರೆ ಆಯ್ತು. ಆದ್ರೆ ತುಂಬಾ ದೇಶಗಳಲ್ಲಿ ಆಸ್ತಿ ಇರೋದೇ ಗಂಡಸರ ಹೆಸರಲ್ಲಿ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಂತೂ, ಅಂದ್ರೆ ಕಿನ್ಶಾಸಾ ರಾಜಧಾನಿಯಾಗಿರೋ ಕಾಂಗೋ, ಅಲ್ಲಿ ಮದುವೆಯಾದ ಹೆಂಗಸು ಬ್ಯಾಂಕ್ ಖಾತೆ ತೆಗೀಬೇಕಂದ್ರೂ ಗಂಡನ ಒಪ್ಪಿಗೆ ಬೇಕಿತ್ತು, ಆ ಕಾನೂನು ಬದಲಾಗಿದ್ದು 2016ರಲ್ಲಿ.

ಎರಡನೇದು ಖರ್ಚು. ಒಂದು ಸಾಲಕ್ಕೆ ಅರ್ಜಿ ನೋಡೋದು, ಮನೆಗೆ ಹೋಗಿ ಬರೋದು, ಲೆಕ್ಕ ಬರೆಯೋದು, ವಸೂಲಿ ಮಾಡೋದು ಇಷ್ಟಕ್ಕೆ 500 ಖರ್ಚಾಗುತ್ತೆ ಅಂತ ಇಟ್ಕೊಳ್ಳಿ. 5,00,000 ಸಾಲಕ್ಕೆ ಈ 500 ಲೆಕ್ಕಕ್ಕೇ ಇಲ್ಲ, 0.1% ಅಷ್ಟೇ. ಸಾಲ 5,000 ಆದ್ರೆ ಅದೇ 500 ಅಂದ್ರೆ 10%. ಬಡ್ಡಿ ಶುರುವಾಗೋಕೆ ಮುಂಚೆನೇ ಹತ್ತು ಪರ್ಸೆಂಟ್ ಹೋಯ್ತು! ಸಣ್ಣ ಸಾಲದ ಬಡ್ಡಿ ಯಾಕೆ ಜಾಸ್ತಿ ಅನ್ನೋದಕ್ಕೆ ದೊಡ್ಡ ಕಾರಣ ಇದೇ, ಎಲ್ಲ ಕಡೆ ದುರಾಸೆಯೇ ಕಾರಣ ಅಂತೇನಿಲ್ಲ. ದುರಾಸೆ ಇರೋ ಕಡೆಗೂ ಬರ್ತೀನಿ.

ಇಷ್ಟು ದಿನ ಈ ಜಾಗ ತುಂಬ್ತಿದ್ದೋರು ಬಡ್ಡಿ ವ್ಯಾಪಾರಿಗಳು, ಇಲ್ಲಾ ಚೀಟಿ. ಚೀಟಿ ನಮಗೆ ಗೊತ್ತಿರೋದೇ, ಹತ್ತು ಜನ ಸೇರಿ ದುಡ್ಡು ಹಾಕಿ ಸರದಿ ಪ್ರಕಾರ ಒಬ್ಬೊಬ್ರು ಎತ್ಕೊಳ್ಳೋದು. ಪಶ್ಚಿಮ ಆಫ್ರಿಕಾದಲ್ಲಿ ಇಂಥದ್ದಕ್ಕೆ ಟೋಂಟೀನ್ ಅಂತಾರೆ, ಮೆಕ್ಸಿಕೋದಲ್ಲಿ ತಾಂಡಾ, ದಕ್ಷಿಣ ಆಫ್ರಿಕಾದಲ್ಲಿ ಸ್ಟಾಕ್‌ವೆಲ್. ಬ್ಯಾಂಕ್ ಇಲ್ಲದ ಕಡೆ ಜನ ತಾವೇ ಕಂಡ್ಕೊಂಡ ದಾರಿ.

ಐದು ಜನರ ಗುಂಪು

1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತಿದ್ದ ಮಹಮ್ಮದ್ ಯೂನುಸ್ ಪಕ್ಕದ ಜೋಬ್ರಾ ಹಳ್ಳಿಗೆ ಹೋದಾಗ ಅಲ್ಲಿ ಬಿದಿರಿನ ಸ್ಟೂಲ್ ಮಾಡೋ ಹೆಂಗಸರನ್ನ ನೋಡಿದ್ರು. ಬಿದಿರು ತರೋಕೆ ಇವರು ವ್ಯಾಪಾರಿ ಹತ್ರ ಸಾಲ ಮಾಡೋರು, ಅದಕ್ಕೆ ಷರತ್ತು ಏನಪ್ಪಾ ಅಂದ್ರೆ ಮಾಡಿದ ಸ್ಟೂಲ್ ಅವನಿಗೇ, ಅವನು ಹೇಳಿದ ರೇಟಿಗೇ ಕೊಡ್ಬೇಕು. ದಿನ ಪೂರ್ತಿ ಬಿದಿರು ಸೀಳಿದ್ರೂ ಕೈಗೆ ಸಿಗೋದು ಚಿಲ್ಲರೆ. ಊರಲ್ಲಿ ಹಿಂಗೆ ಸಿಕ್ಕಾಕೊಂಡಿದ್ದೋರು 42 ಜನ, ಎಲ್ಲರ ಸಾಲ ಸೇರಿಸಿದ್ರೆ 856 ಟಾಕಾ, ಆಗಿನ ಲೆಕ್ಕದಲ್ಲಿ 27 ಡಾಲರ್. ಅಷ್ಟನ್ನೂ ಯೂನುಸ್ ಜೇಬಿಂದ ಕೊಟ್ರು. ಇದೇ ಮುಂದೆ ಪ್ರಯೋಗವಾಗಿ ಬೆಳೆದು 1983ರಲ್ಲಿ ಗ್ರಾಮೀಣ್ ಬ್ಯಾಂಕ್ ಆಯ್ತು, 2006ರಲ್ಲಿ ಯೂನುಸ್‌ಗೂ ಬ್ಯಾಂಕಿಗೂ ಸೇರಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಕಥೆ ಶುರುವಾಗೋದು ಇಲ್ಲಿಂದಾನೇ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಹಂಗೇನಿಲ್ಲ. ಬ್ರೆಜಿಲ್‌ನ ರೆಸಿಫೆಯಲ್ಲಿ 1973ರಲ್ಲೇ ಅಕ್ಸಿಯೋನ್ ಸಂಸ್ಥೆ ಇಂಥ ಸಾಲ ಕೊಡ್ತಿತ್ತು. 1974ರಲ್ಲಿ ಅಹಮದಾಬಾದ್‌ನಲ್ಲಿ ಇಳಾ ಭಟ್ ಅವರ ‘ಸೇವಾ’ (SEWA) ಅನ್ನೋ, ಸ್ವಂತ ದುಡಿಮೆಯ ಹೆಂಗಸರ ಸಂಘಟನೆಯ 4,000 ಹೆಂಗಸರು ತಲಾ 10 ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ಕಟ್ಕೊಂಡ್ರು. ನನ್ನ ಕೇಳಿದ್ರೆ ಮೂರರಲ್ಲಿ ಇದೇ ಹೆಚ್ಚು ಕುತೂಹಲದ್ದು, ಯಾಕಂದ್ರೆ ಇದು ಸಾಲದಿಂದ ಶುರುವಾಗ್ಲಿಲ್ಲ, ಅವರವರ ದುಡ್ಡಿಂದ ಶುರುವಾಯ್ತು.

ಗ್ರಾಮೀಣ್ ಮಾದರಿ ಹೆಂಗಿತ್ತು ಅಂದ್ರೆ, ಅಕ್ಕಪಕ್ಕದ ಐದು ಜನ ತಾವೇ ಗುಂಪು ಮಾಡ್ಕೋಬೇಕು. ಮೊದ್ಲು ಇಬ್ರಿಗೆ ಸಾಲ. ಅವರು ಕೆಲವು ವಾರ ಸರಿಯಾಗಿ ಕಟ್ಟಿದ್ರೆ ಇನ್ನಿಬ್ರಿಗೆ. ಗುಂಪಿನ ಮುಖ್ಯಸ್ಥೆಗೆ ಕೊನೇಲಿ. ಒಬ್ಬಳು ತಪ್ಪಿದ್ರೆ ಉಳಿದವರ ಮುಂದಿನ ಸಾಲಕ್ಕೆ ಕಲ್ಲು ಬಿತ್ತು ಅಂತಲೇ ಅರ್ಥ. ಬ್ಯಾಂಕಿಗೆ ಗೊತ್ತಿಲ್ಲದ ವಿಷಯ ಪಕ್ಕದ ಮನೆಯವಳಿಗೆ ಗೊತ್ತಿರುತ್ತೆ, ಯಾರು ದುಡೀತಾರೆ, ಯಾರ ಮನೇಲಿ ಕುಡಿತ, ಯಾರು ಮಾತಿಗೆ ತಪ್ಪಲ್ಲ ಅಂತ. ಗುಂಪು ಮಾಡ್ಕೊಳ್ಳುವಾಗ್ಲೇ ಈ ಸೋಸುವಿಕೆ ಆಗೋಗುತ್ತೆ, ಬ್ಯಾಂಕಿಗೆ ಪುಕ್ಕಟೆಯಾಗಿ.

ವಾರದ ಮೀಟಿಂಗ್ ಹೆಂಗಿರುತ್ತೆ ನೋಡಿ. ತಗಡಿನ ಸೂರಿನ ಕೆಳಗೆ ಐದೈದು ಜನರ ಸಾಲು, ಪ್ರತಿಯೊಬ್ರ ಕೈಲೂ ಪಾಸ್‌ಬುಕ್, ಅದರೊಳಗೆ ಮಡಚಿಟ್ಟ ನೋಟು. ಸಾಲಿನ ತುದಿಯವಳು ಐದೂ ಪಾಸ್‌ಬುಕ್ ಸೇರಿಸಿ ಮುಂದಕ್ಕೆ ಕೊಡ್ತಾಳೆ, ಬ್ಯಾಂಕಿನವನು ಎಲ್ಲರೆದುರೇ ಎಣಿಸ್ತಾನೆ. ಒಂದು ನೋಟು ಕಮ್ಮಿ ಬಂದ್ರೆ ಯಾರದ್ದು ಅಂತ ಇಡೀ ಸೂರಿಗೆ ಗೊತ್ತಾಗುತ್ತೆ. ಅಡಮಾನ ಇಲ್ಲ ಅಂತಾರಲ್ಲ, ಇಲ್ಲಿ ಅಡಮಾನಕ್ಕೆ ಇಟ್ಟಿರೋದು ಮಾನ.

ಮುಂದೆ ಗ್ರಾಮೀಣ್ ಬ್ಯಾಂಕ್ ತಾನೇ 2000ದ ಆಸುಪಾಸು ನಿಯಮ ಸಡಿಲ ಮಾಡ್ತು. ಫಿಲಿಪೀನ್ಸ್‌ನಲ್ಲಿ ಒಂದು ಬ್ಯಾಂಕ್ ಕೆಲವು ಕಡೆ ಗುಂಪಿನ ಜವಾಬ್ದಾರಿ ತೆಗೆದು, ವಾರದ ಮೀಟಿಂಗ್ ಮಾತ್ರ ಉಳಿಸ್ಕೊಂಡು, ಅವರವರ ಸಾಲಕ್ಕೆ ಅವರವರೇ ಹೊಣೆ ಅಂತ ಮಾಡಿ ನೋಡ್ತು. ಮರುಪಾವತಿ ಕೆಡಲಿಲ್ಲ.

ಹೆಂಗಸರಿಗೇ ಯಾಕೆ

ಹೇಳೋ ಕಾರಣ ಒಂದು, ನಡೆಯೋ ಕಾರಣ ಇನ್ನೊಂದು, ಎರಡೂ ಸುಳ್ಳಲ್ಲ. ಹೇಳೋದೇನಂದ್ರೆ ತಾಯಿ ಕೈಗೆ ಬಂದ ದುಡ್ಡು ಮಕ್ಕಳ ಊಟ, ಸ್ಕೂಲಿಗೆ ಹೆಚ್ಚು ಹೋಗುತ್ತೆ. ನಡೆಯೋ ಕಾರಣ ಇನ್ನೂ ಸಿಂಪಲ್: ಹೆಂಗಸರು ಕಂತು ತಪ್ಪಿಸಲ್ಲ, ಮೀಟಿಂಗ್‌ಗೆ ಬರ್ತಾರೆ, ಮನೆ ಹತ್ರಾನೇ ಸಿಗ್ತಾರೆ, ನಾಲ್ಕು ಜನರೆದುರು ಮಾತು ಕೇಳಿಸ್ಕೊಳ್ಳೋಕೆ ಹೆದರ್ತಾರೆ, ಬೇರೆ ಕಡೆ ಸಾಲ ಸಿಗೋ ದಾರಿ ಇರಲ್ಲ ಅಂತ ಈ ದಾರಿ ಕೆಡಿಸ್ಕೊಳ್ಳಲ್ಲ. ಗ್ರಾಮೀಣ್ ಬ್ಯಾಂಕಲ್ಲಿ ಶುರುವಲ್ಲಿ ಗಂಡಸರೂ ಸಾಕಷ್ಟಿದ್ರು, ಆಮೇಲೆ ಸಾಲಗಾರರಲ್ಲಿ 95%ಗೂ ಹೆಚ್ಚು ಹೆಂಗಸರೇ ಆದ್ರು.

10% ಅಂದ್ರೆ 10% ಅಲ್ಲ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಹೆಚ್ಚು ಜನ ಎಡವೋದು ಇಲ್ಲೇ. 10,000 ಸಾಲ, ವರ್ಷಕ್ಕೆ 10% ಫ್ಲಾಟ್ ಬಡ್ಡಿ, 50 ವಾರ ಅಂತ ಇಟ್ಕೊಳ್ಳಿ. ಒಟ್ಟು 11,000, ವಾರಕ್ಕೆ 220. ಕೇಳೋಕೆ ಸರಿಯಾಗೇ ಇದೆ. ಆದ್ರೆ 10,000 ಪೂರ್ತಿ ನಿಮ್ಮ ಹತ್ರ ಇದ್ದಿದ್ದು ಮೊದಲ ವಾರ ಮಾತ್ರ. 25ನೇ ವಾರಕ್ಕೆ ಅಸಲಲ್ಲಿ ಅರ್ಧ ಕಟ್ಟಿ ಮುಗಿದಿರುತ್ತೆ, 40ನೇ ವಾರಕ್ಕೆ ಉಳಿದಿರೋ ಅಸಲು 2,000. ಬಡ್ಡಿ ಮಾತ್ರ ಕೊನೆ ವಾರದವರೆಗೂ 10,000ದ ಮೇಲೇ! ಸರಾಸರಿ ನೋಡಿದ್ರೆ ವರ್ಷ ಪೂರ್ತಿ ನಿಮ್ಮ ಕೈಲಿದ್ದಿದ್ದು ಹೆಚ್ಚುಕಮ್ಮಿ 5,000, ಅದಕ್ಕೆ ಕಟ್ಟಿದ ಬಡ್ಡಿ 1,000, ಅಂದ್ರೆ 20% ಹತ್ರ. ಉಳಿದಿರೋ ಅಸಲಿಗೆ ಮಾತ್ರ ಬಡ್ಡಿ ಹಾಕೋ ಪದ್ಧತಿಗೆ ಇಳಿಕೆ ಬಡ್ಡಿ ಅಂತಾರೆ. ಅದರ ಮೇಲೆ ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್, ಕಡ್ಡಾಯ ಡೆಪಾಸಿಟ್ ಅಂತ ಮೊದಲೇ ಹಿಡ್ಕೊಂಡ್ರೆ ನಿಜವಾದ ಬಡ್ಡಿ ಇನ್ನೂ ಏರುತ್ತೆ. ಎರಡು ಸಾಲ ಹೋಲಿಸ್ಬೇಕಂದ್ರೆ ಹೇಳಿದ ಪರ್ಸೆಂಟ್ ಬಿಟ್ಟು, ಕೈಗೆ ಬಂದಿದ್ದೆಷ್ಟು, ಒಟ್ಟು ಕಟ್ಟೋದೆಷ್ಟು, ಎಷ್ಟು ವಾರ ಅಂತ ಕೇಳೋದು ಸೇಫ್.

ದುರಾಸೆಯ ಮಾತಿಗೆ ಬರ್ತೀನಿ ಅಂದಿದ್ನಲ್ಲ. 2007ರಲ್ಲಿ ಮೆಕ್ಸಿಕೋದ ಕಂಪಾರ್ತಾಮೋಸ್ ಬ್ಯಾಂಕ್ ಶೇರು ಮಾರ್ಕೆಟ್‌ಗೆ ಬಂದಾಗ ಹೂಡಿಕೆ ಮಾಡಿದ್ದೋರಿಗೆ ಭಾರೀ ಲಾಭ ಬಂತು, ಅದೇ ಹೊತ್ತಿಗೆ ಸಾಲ ತಗೊಂಡ ಹೆಂಗಸರು ತೆರಿಗೆ ಸೇರಿ ಕಟ್ತಿದ್ದ ಬಡ್ಡಿ ವರ್ಷಕ್ಕೆ 100% ಹತ್ರ ಇತ್ತು. ಯೂನುಸ್ ಇದನ್ನ ಬಹಿರಂಗವಾಗೇ ಟೀಕೆ ಮಾಡಿದ್ರು.

ಸಾಲ ಬಂತು ಸರಿ, ಬಿಸಿನೆಸ್ ಬೆಳೀತಾ

ಸಾಲ ತಗೊಂಡವಳು ಮುಂದೆ ಬಂದ್ಳು ಅಂದ್ರೆ ಅದು ಸಾಲದಿಂದಾನಾ, ಇಲ್ಲಾ ಮೊದಲಿಂದ್ಲೂ ಚುರುಕಾಗಿದ್ದವಳೇ ಸಾಲ ತಗೊಂಡ್ಳಾ? ಇದನ್ನ ಬಿಡಿಸೋಕೆ ಲಾಟರಿ ಥರ ಕೆಲವು ಊರುಗಳನ್ನ ಆರಿಸಿ ಅಲ್ಲಿ ಸಾಲದ ಶಾಖೆ ತೆಗೆದು, ಉಳಿದ ಕಡೆ ತೆಗೀದೆ ಬಿಟ್ಟು, ಆಮೇಲೆ ಎರಡನ್ನೂ ಹೋಲಿಸ್ತಾರೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತವರ ಜೊತೆಗಾರರು ಹೈದರಾಬಾದಿನ 104 ಬಡಾವಣೆಗಳಲ್ಲಿ ಇದನ್ನೇ ಮಾಡಿದ್ರು, 52ರಲ್ಲಿ ಶಾಖೆ ಬಂತು, 52ರಲ್ಲಿ ಇಲ್ಲ. ಮೊದಲೇ ಅಂಗಡಿ ಇದ್ದೋರು ಅದನ್ನ ಸ್ವಲ್ಪ ದೊಡ್ಡದು ಮಾಡ್ಕೊಂಡ್ರು. ಆದ್ರೆ ಮನೆಯ ಒಟ್ಟು ಖರ್ಚು ಮಾಡೋ ಶಕ್ತಿ, ಮಕ್ಕಳ ಓದು, ಆರೋಗ್ಯ, ಮನೇಲಿ ಹೆಂಗಸಿನ ಮಾತು ನಡೆಯೋದು, ಇದ್ಯಾವುದರಲ್ಲೂ ಸರಾಸರಿ ಲೆಕ್ಕದಲ್ಲಿ ಹೇಳ್ಕೊಳ್ಳೋ ಬದಲಾವಣೆ ಕಾಣಲಿಲ್ಲ. 2015ರಲ್ಲಿ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೋ, ಮಂಗೋಲಿಯಾ, ಮೊರಾಕ್ಕೊ ಸೇರಿ ಇಂಥ ಆರು ಅಧ್ಯಯನ ಒಟ್ಟಿಗೆ ಬಂದಾಗ್ಲೂ ಕಥೆ ಹೆಚ್ಚುಕಮ್ಮಿ ಇದೇ: ಸ್ವಲ್ಪ ಅನುಕೂಲ ಆಯ್ತು, ಬದುಕಿನ ದಿಕ್ಕೇ ತಿರುಗಿಸೋ ಬದಲಾವಣೆ ಆಗ್ಲಿಲ್ಲ.

ಯಾಕೆ? ಇದಕ್ಕೆ ಎರಡು ಕಾರಣ ಸಿಕ್ಕಿದೆ, ಎರಡೂ ಸಾಲದ ಆಕಾರಕ್ಕೆ ಸಂಬಂಧಪಟ್ಟಿದ್ದು.

ಮೊದಲನೇದು ಕಂತು ಶುರುವಾಗೋ ದಿನ. ಹೊಲಿಗೆ ಮಷಿನ್ ತಗೊಳ್ಳೋಕೆ 10,000 ಸಾಲ ಮಾಡಿದವಳನ್ನ ನೋಡಿ. ಮಷಿನ್ ಬಂದು, ಬಟ್ಟೆ ತಂದು, ನಾಲ್ಕು ಗಿರಾಕಿ ಹಿಡಿದು ಕಾಸು ನೋಡೋಕೆ ಎರಡು ತಿಂಗಳಾದ್ರೂ ಬೇಕು. ಮೊದಲ 220 ಮಾತ್ರ ಮುಂದಿನ ವಾರ ಇಲ್ಲಾ ಅದರ ಮುಂದಿನ ವಾರವೇ ಕಟ್ಬೇಕು, ಆಮೇಲೆ ಒಂದು ವಾರವೂ ಬಿಡಂಗಿಲ್ಲ. ಅವಳು ಏನ್ಮಾಡ್ತಾಳೆ? ಸಾಲದ ದುಡ್ಡಲ್ಲೇ ಒಂದಷ್ಟು ಕಂತಿಗೆ ಅಂತ ಎತ್ತಿಟ್ಟು, ಮಷಿನ್ ಬದಲು ದಿನಾ ಕಾಸು ಬರೋ ಸಣ್ಣ ವ್ಯಾಪಾರಕ್ಕೆ ಇಳೀತಾಳೆ, ಬೆಳಿಗ್ಗೆ ಸಗಟಲ್ಲಿ ತಂದು ಸಂಜೆ ಒಳಗೆ ಮಾರೋದು. ಲಾಭ ಕಮ್ಮಿ, ಆದ್ರೆ ವಾರದ ಕಂತಿಗೆ ಮೋಸ ಇಲ್ಲ. ಅವಳ ಲೆಕ್ಕ ಸರಿಯಾಗೇ ಇದೆ. ಕೋಲ್ಕತ್ತಾದಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದ್ರು. ಕೆಲವು ಗುಂಪಿಗೆ ಮಾಮೂಲಿನಂತೆ ಎರಡು ವಾರಕ್ಕೆ ಕಂತು ಶುರು, ಇನ್ನು ಕೆಲವಕ್ಕೆ ಎರಡು ತಿಂಗಳ ಬಿಡುವು, ಉಳಿದಿದ್ದೆಲ್ಲ ಒಂದೇ. ಬಿಡುವು ಸಿಕ್ಕಿದವರಲ್ಲಿ ಹೊಸ ಬಿಸಿನೆಸ್ ಶುರು ಮಾಡಿದೋರು ಜಾಸ್ತಿ, ಮೂರು ವರ್ಷ ಆದ್ಮೇಲೆ ನೋಡಿದ್ರೂ ಅವರ ಲಾಭ ಹೆಚ್ಚಿತ್ತು. ಜೊತೆಗೆ ಸಾಲ ಕಟ್ಟದೆ ಬಿಟ್ಟೋರೂ ಅವರಲ್ಲೇ ಹೆಚ್ಚು. ಸಾಲ ಕೊಡೋ ಕಂಪನಿಗಳು ಬಿಡುವು ಕೊಡೋಕೆ ಯಾಕೆ ಹಿಂದೇಟು ಹಾಕ್ತಾವೆ ಅನ್ನೋದಕ್ಕೂ ಉತ್ತರ ಇದರಲ್ಲೇ ಇದೆ. ಬೆಳೆಯೋ ಬಿಸಿನೆಸ್‌ಗೆ ರಿಸ್ಕ್ ಬೇಕು, ವಾರದ ಕಂತಿಗೆ ರಿಸ್ಕ್ ಆಗಲ್ಲ.

ಎರಡನೇದು ಮನೆ ಒಳಗಿನ ವಿಷಯ. ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರಿಗಳಿಗೆ, ಸಾಲ ಅಲ್ಲ, ವಾಪಸ್ ಕೊಡಬೇಕಿಲ್ಲದ ದುಡ್ಡೇ ಕೊಟ್ಟು ನೋಡಿದ್ರು. ಗಂಡಸರ ಲಾಭ ಚೆನ್ನಾಗಿ ಏರ್ತು, ಹೆಂಗಸರದ್ದು ಸರಾಸರಿ ನೋಡಿದ್ರೆ ಏರಲೇ ಇಲ್ಲ. ಹೆಂಗಸರಿಗೆ ವ್ಯಾಪಾರ ಬರಲ್ಲ ಅಂತ ಅವಸರದಲ್ಲಿ ತೀರ್ಮಾನ ಮಾಡೋರಿಗೆ ಇದು ಸಾಕಾಗಿತ್ತು. ಕೆಲವು ವರ್ಷ ಬಿಟ್ಟು ಬೇರೆ ಸಂಶೋಧಕರು ಅದೇ ಅಂಕಿಅಂಶವನ್ನ ಭಾರತ, ಘಾನಾದ ಅಂಕಿಅಂಶದ ಜೊತೆ ಇಟ್ಟು, ಈ ಸಲ ಇಡೀ ಮನೆಯ ಲೆಕ್ಕ ತೆಗೆದ್ರು. ದುಡ್ಡು ಹೆಂಡತಿ ಹೆಸರಲ್ಲಿ ಬಂದು ಗಂಡನ ಬಿಸಿನೆಸ್‌ಗೆ ಹೋಗಿತ್ತು! ಮನೇಲಿ ಹೆಂಗಸೊಬ್ಬಳೇ ಬಿಸಿನೆಸ್ ಮಾಡ್ತಿದ್ದ ಕಡೆ ಅವಳ ಲಾಭ ಗಂಡಸರಷ್ಟೇ ಇತ್ತು. ಗಂಡನಿಗೆ ಕೊಟ್ಟಿದ್ದು ಬಲವಂತಕ್ಕೇ ಅಂತೇನೂ ಇಲ್ಲ, ಅವನದ್ದು ಹೆಚ್ಚು ಲಾಭದ ಕಸುಬಾಗಿದ್ರೆ ಮನೆಗೆ ಅದೇ ಒಳ್ಳೇದು ಅಂತ ಅವಳೇ ಕೊಟ್ಟಿರಬಹುದು. ಆದ್ರೂ ಪಾಸ್‌ಬುಕ್‌ನಲ್ಲಿ ಹೆಸರು ಅವಳದ್ದು, ಸೂರಿನ ಕೆಳಗೆ ಕೂತು ಕಂತು ಕೊಡೋಳೂ ಅವಳೇ.

ಯಾವ ಕಸುಬು ಅನ್ನೋದರಲ್ಲೂ ದೊಡ್ಡ ವ್ಯತ್ಯಾಸ ಇದೆ. ಉಗಾಂಡಾದ ಕಂಪಾಲಾದಲ್ಲಿ ವೆಲ್ಡಿಂಗ್, ಬಡಗಿ ಕೆಲಸದಂಥ ಗಂಡಸರ ಲೈನಿಗೆ ಬಂದ ಹೆಂಗಸರು ಹೆಂಗಸರ ಕೆಲಸ ಅಂತ ಹೆಸರಾಗಿರೋದರಲ್ಲೇ ಉಳಿದವರಿಗಿಂತ ಮೂರು ಪಟ್ಟು ಸಂಪಾದನೆ ಮಾಡ್ತಿದ್ರು. ಅಷ್ಟು ಜನ ಯಾಕೆ ಹೋಗಲ್ಲ ಅಂದ್ರೆ ಅಲ್ಲಿ ಅಷ್ಟು ದುಡ್ಡಿದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಒಳಗೆ ಕರ್ಕೊಂಡು ಹೋಗಿ ಕಲಿಸೋರೂ ಬೇಕಲ್ವಾ.

ಸಾಲ ತೀರ್ಸೋಕೆ ಸಾಲ

ಮರುಪಾವತಿ 98% ಅಂತ ಜಾಹೀರಾತಲ್ಲಿ ಓದಿರ್ತೀರ. ಅದು ಕಂತು ಬಂತಾ ಅಂತ ಹೇಳುತ್ತೆ, ಎಲ್ಲಿಂದ ಬಂತು ಅಂತ ಹೇಳಲ್ಲ. ವ್ಯಾಪಾರದಿಂದ ಬಂದಿರಬಹುದು, ಗಂಡನ ಕೂಲಿಯಿಂದ ಬಂದಿರಬಹುದು, ಇನ್ನೊಂದು ಕಂಪನಿಯ ಹೊಸ ಸಾಲದಿಂದ್ಲೂ ಬಂದಿರಬಹುದು. ಮೂರನೇದು ಜಾಸ್ತಿಯಾದಾಗ ಎಲ್ಲ ಒಟ್ಟಿಗೆ ಕುಸಿಯುತ್ತೆ. ಬೊಲಿವಿಯಾದಲ್ಲಿ 1999ರ ಹೊತ್ತಿಗೆ ಹಿಂಗಾಯ್ತು, 2008ರ ಸುಮಾರಿಗೆ ನಿಕರಾಗುವಾದಲ್ಲಿ ಸಾಲ ಕಟ್ಟಲ್ಲ ಅನ್ನೋ ಚಳವಳಿಯೇ ಶುರುವಾಯ್ತು, ಮೊರಾಕ್ಕೊದಲ್ಲೂ ಅದೇ ಸಮಯಕ್ಕೆ ಬಿಕ್ಕಟ್ಟು.

ಹೆಚ್ಚು ಸದ್ದು ಮಾಡಿದ್ದು 2010ರ ಆಂಧ್ರ. ಒಂದೇ ಹೆಂಗಸಿಗೆ ನಾಲ್ಕೈದು ಕಂಪನಿ ಸಾಲ ಕೊಟ್ಟಿದ್ವು, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಏಜೆಂಟರಿಗೆ ಟಾರ್ಗೆಟ್. ಆ ವರ್ಷವೇ ದೊಡ್ಡ ಕಂಪನಿ ಎಸ್‌ಕೆಎಸ್ ಶೇರು ಮಾರ್ಕೆಟ್‌ಗೆ ಬಂದಿತ್ತು. ಆತ್ಮಹತ್ಯೆಗಳ ಸುದ್ದಿ ಬಂದ್ಮೇಲೆ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು, ವಸೂಲಿ ನಿಂತೇ ಹೋಯ್ತು. ಆದ್ರೆ ಕಥೆಗೆ ಇನ್ನೊಂದು ಮುಖವೂ ಇದೆ. ಆಂಧ್ರದಲ್ಲಿ ಕೈಸುಟ್ಕೊಂಡ ಕಂಪನಿಗಳು ಬೇರೆ ರಾಜ್ಯಗಳಲ್ಲೂ ಸಾಲ ನಿಲ್ಲಿಸಿದ್ವು, ಅಂಥ ಜಿಲ್ಲೆಗಳಲ್ಲಿ ಕೂಲಿ ಕೂಡ ಇಳೀತು ಅಂತ ಆಮೇಲಿನ ಅಧ್ಯಯನದಲ್ಲಿ ಗೊತ್ತಾಯ್ತು. ಸಣ್ಣ ಸಾಲದ ದುಡ್ಡು ಊರಲ್ಲಿ ಓಡಾಡ್ತಿದ್ದಿದ್ದಕ್ಕೂ ಒಂದು ಬೆಲೆ ಇತ್ತು ಅಂತಾಯ್ತು. ಭಾರತದಲ್ಲಿ 2022ರ ಆರ್‌ಬಿಐ ನಿಯಮದ ಪ್ರಕಾರ ಒಂದು ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ 50% ಮೀರಬಾರದು. ಕಾಂಬೋಡಿಯಾದ ಸಮಸ್ಯೆ ಬೇರೆ, ಅಲ್ಲಿ ಸಣ್ಣ ಸಾಲಕ್ಕೂ ಜಮೀನು ಪತ್ರ ಅಡಮಾನ ಇಟ್ಕೊಳ್ಳೋದು ಮಾಮೂಲಾಗಿದೆ, ಸಾಲ ಕೆಟ್ರೆ ಹೊಲವೇ ಮಾರಬೇಕು.

ಬೇರೆ ದಾರಿಗಳು

ನೈಜರ್ ದೇಶದಲ್ಲಿ 1991ರಲ್ಲಿ ಕೇರ್ ಸಂಸ್ಥೆ ಹೊರಗಿಂದ ಸಾಲ ತರದೆ, ಊರ ಹೆಂಗಸರೇ ವಾರ ವಾರ ಉಳಿಸಿ ಅದನ್ನೇ ತಮ್ಮೊಳಗೆ ಬಡ್ಡಿಗೆ ಕೊಟ್ಟು, ವರ್ಷದ ಕೊನೆಗೆ ಬಡ್ಡಿ ಸಮೇತ ಹಂಚಿಕೊಳ್ಳೋ ಗುಂಪುಗಳನ್ನ ಶುರು ಮಾಡ್ತು. ನಮ್ಮ ಸ್ವಸಹಾಯ ಸಂಘಕ್ಕೆ ಹತ್ತಿರದ್ದು. ಇದು ಆಫ್ರಿಕಾದ ತುಂಬಾ ದೇಶಗಳಿಗೆ ಹಬ್ಬಿದೆ.

ತೀರಾ ಬಡವರಿಗೆ ಸಾಲವೇ ಬೇಡ ಅಂದಿದ್ದು ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ. 2002ರಿಂದ ಅವರು ಹಸುವೋ ಮೇಕೆಯೋ ಕೊಟ್ಟು, ಅದು ಆದಾಯ ಕೊಡೋವರೆಗೂ ಹೊಟ್ಟೆಗೆ ಸ್ವಲ್ಪ ಹಣ ಕೊಟ್ಟು, ವಾರ ವಾರ ಮನೆಗೆ ಬಂದು ಕಲಿಸಿ, ಸುಮಾರು ಎರಡು ವರ್ಷ ಜೊತೆಗಿರ್ತಾರೆ. ಆರು ದೇಶಗಳಲ್ಲಿ ಪರೀಕ್ಷೆ ಮಾಡಿದಾಗ ಕಾರ್ಯಕ್ರಮ ಮುಗಿದು ಒಂದು ವರ್ಷ ಆದ್ಮೇಲೂ ಆದಾಯ, ಆಸ್ತಿ ಹೆಚ್ಚೇ ಇತ್ತು. ಖರ್ಚು ಜಾಸ್ತಿ, ಅದೇ ಇದರ ತೊಡಕು.

ಉಗಾಂಡಾದಲ್ಲಿ ಅದೇ ಬ್ರಾಕ್‌ನ ಸಾಲವನ್ನ ಕೆಲವು ಹೆಂಗಸರಿಗೆ ಕ್ಯಾಶ್ ಬದಲು ಅವರದ್ದೇ ಮೊಬೈಲ್ ಖಾತೆಗೆ ಹಾಕಿದ್ರು. ಬಡ್ಡಿ, ಕಂತು ಏನೂ ಬದಲಾಗಲಿಲ್ಲ. ಎಂಟು ತಿಂಗಳಿಗೆ ಅವರ ಲಾಭ ಕ್ಯಾಶ್ ತಗೊಂಡವರಿಗಿಂತ 15% ಹೆಚ್ಚಿತ್ತು. ಬಾಗಿಲು ದಾಟುವಾಗ ನೋಟಿನ ಕಟ್ಟು ಎಲ್ಲರ ಕಣ್ಣಿಗೆ ಬೀಳುತ್ತೆ, ಫೋನಲ್ಲಿರೋ ದುಡ್ಡು ಬೀಳಲ್ಲ. ಟ್ರೈನಿಂಗ್‌ನಲ್ಲೂ ಇಂಥದ್ದೇ ಒಂದು ಅಚ್ಚರಿ: ಟೋಗೋ ದೇಶದ ಲೋಮೆಯಲ್ಲಿ ಕೆಲವರಿಗೆ ಲೆಕ್ಕ ಬರೆಯೋದು ಹೇಳಿಕೊಟ್ರು, ಕೆಲವರಿಗೆ ತಾವಾಗೇ ಮುನ್ನುಗ್ಗೋದು, ಹೊಸದನ್ನ ಟ್ರೈ ಮಾಡೋದು, ಸೋತ್ರೆ ಮತ್ತೆ ಏಳೋದನ್ನ ಕಲಿಸಿದ್ರು. ಎರಡನೇ ಗುಂಪಿನ ಹೆಂಗಸರ ಲಾಭ 40% ಏರ್ತು, ಲೆಕ್ಕ ಕಲಿತ ಹೆಂಗಸರದ್ದು ಬರೀ 5%.

ಬೆಳೆದವಳಿಗೆ ಮುಂದೇನು

ಇಷ್ಟೆಲ್ಲ ದಾಟಿ ನಿಜವಾಗ್ಲೂ ಬೆಳೆದವಳ ಕಷ್ಟ ಬೇರೆ. ಅವಳಿಗೆ ಈಗ ನಾಲ್ಕು ಮಷಿನ್, ಇಬ್ರು ಕೆಲಸದವರು ಬೇಕು, ಅಂದ್ರೆ ಮೊದಲ ಸಾಲದ ಹತ್ತು ಪಟ್ಟು ದುಡ್ಡು. ಗುಂಪಿನಲ್ಲಿ ಅಷ್ಟು ಸಿಗಲ್ಲ, ಉಳಿದ ನಾಲ್ವರು ಅಷ್ಟಕ್ಕೆ ಹೊಣೆ ಹೊರೋಕೆ ಒಪ್ಪೋದೂ ಇಲ್ಲ. ಬ್ಯಾಂಕಿಗೆ ಅದು ಇನ್ನೂ ಚಿಕ್ಕ ಸಾಲವೇ. ಎರಡರ ನಡುವಿನ ಈ ಖಾಲಿ ಜಾಗಕ್ಕೆ ಅರ್ಥಶಾಸ್ತ್ರದವರು ಕಾಣೆಯಾದ ಮಧ್ಯ ಅಂತ ಹೆಸರಿಟ್ಟಿದ್ದಾರೆ. ಹತ್ತು ಸುತ್ತು ಸಾಲ ತೀರಿಸಿದವಳು 500 ವಾರ ಕಂತು ಕಟ್ಟಿರ್ತಾಳೆ. ಸಾಲದ ಇತಿಹಾಸ ಇಡೋ ಕ್ರೆಡಿಟ್ ಬ್ಯೂರೋಗೆ ಸಣ್ಣ ಸಾಲವೂ ವರದಿಯಾಗೋ ದೇಶಗಳಲ್ಲಿ ಈ 500 ವಾರ ಅವಳ ಹೆಸರಿನ ಜೊತೆ ಬ್ಯಾಂಕ್ ಮ್ಯಾನೇಜರ್ ಟೇಬಲ್‌ವರೆಗೂ ಹೋಗುತ್ತೆ. ಹಂಗೆ ವರದಿಯಾಗದ ಕಡೆ ಅದು ಸೂರಿನ ಕೆಳಗೆ ಕೈ ಬದಲಾಗೋ ಆ ಪಾಸ್‌ಬುಕ್‌ನಲ್ಲೇ ಇರುತ್ತೆ, ಬ್ಯಾಂಕಲ್ಲಿ ಮತ್ತೆ ಜಮೀನು ಪತ್ರವೇ ಕೇಳ್ತಾರೆ.